ಬಾಲಿಯಲ್ಲಿ ಒಂದು ದಿನ: ಯಾವ ಕರಕುಶಲದ ಊರಿಗೆ ಯಾವ ಕಡಲ ದಂಡೆ?

ಬಾಲಿಗೆ ಹೋದವರು ದೇವಾಲಯ, ಭತ್ತದ ಗದ್ದೆ, ಜ್ವಾಲಾಮುಖಿ ಎಂದು ಸುತ್ತಿ ಮುಗಿಸಿದ ಮೇಲೆ ಒಂದು ದಿನವನ್ನು ತಮಗೆಂದು ಉಳಿಸಿಕೊಂಡಿರುತ್ತಾರೆ. ಬೆಳಿಗ್ಗೆ ನಾಲ್ಕು ಒಳ್ಳೆಯ ಕರಕುಶಲ ವಸ್ತುಗಳನ್ನು ನೋಡಿ ಕೊಳ್ಳಬೇಕು, ಮಧ್ಯಾಹ್ನದ ಮೇಲೆ ಸಮುದ್ರದ ಬದಿಯ ರೆಸಾರ್ಟಿನಲ್ಲಿ ಕಾಲು ಚಾಚಿಕೊಳ್ಳಬೇಕು. ಆಸೆಯೇನೋ ಸರಳವಾದದ್ದು. ಆದರೆ ಆ ದಿನದ ಬಹುಪಾಲು ಕಾರಿನಲ್ಲೇ ಕಳೆದುಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಂಗಡಿ ಇರುವುದು ದ್ವೀಪದ ಒಂದು ಮೂಲೆಯಲ್ಲಿ, ರೆಸಾರ್ಟ್ ಇನ್ನೊಂದು ಮೂಲೆಯಲ್ಲಿ, ನಡುವೆ ಇಕ್ಕಟ್ಟಾದ ರಸ್ತೆ ಮತ್ತು ಮುಗಿಯದ ಸ್ಕೂಟರುಗಳ ಸಾಲು.

ನನ್ನ ಸಲಹೆ ಒಂದೇ. ಏನು ಕೊಳ್ಳಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಆ ವಸ್ತು ತಯಾರಾಗುವ ಊರಿಗೆ ಹತ್ತಿರದ ದಂಡೆಯನ್ನು ಆಮೇಲೆ ಆರಿಸಿ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಹೆಸರು ಕೇಳಿದ ರೆಸಾರ್ಟನ್ನು ಮೊದಲು ಹಿಡಿದು, ಅಲ್ಲಿಂದ ಎಷ್ಟೇ ದೂರವಾದರೂ ದ್ವೀಪದ ಒಳನಾಡಿನ ಕಲೆಯ ಊರಾದ ಉಬುದ್‌ನ ಮಾರುಕಟ್ಟೆಗೆ ಓಡುತ್ತಾರೆ.

ನಾಲ್ಕು ಜೋಡಿಗಳನ್ನು ಇಲ್ಲಿ ಹೋಲಿಸುತ್ತೇನೆ. ನಾಲ್ಕಕ್ಕೂ ಸಮಾನ ಜಾಗ ಕೊಡುವುದಿಲ್ಲ, ಏಕೆಂದರೆ ನಾಲ್ಕೂ ಸಮಾನವಾಗಿ ಯೋಗ್ಯವಲ್ಲ.

ದಿನದ ಲೆಕ್ಕಾಚಾರ

ಬಾಲಿ ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು ಎಂಟು ಡಿಗ್ರಿಯಲ್ಲಿದೆ. ವರ್ಷವಿಡೀ ಬೆಳಿಗ್ಗೆ ಆರರ ಆಸುಪಾಸಿನಲ್ಲಿ ಬೆಳಕಾಗುತ್ತದೆ, ಸಂಜೆ ಆರರಿಂದ ಏಳರೊಳಗೆ ಕತ್ತಲಾಗುತ್ತದೆ. ಬೇಸಿಗೆಯಲ್ಲಿ ಹಗಲು ಉದ್ದವಿರುತ್ತದೆ ಎಂಬ ಅನುಕೂಲ ಇಲ್ಲಿಲ್ಲ. ಕೈಯಲ್ಲಿರುವುದು ಹನ್ನೆರಡು ಗಂಟೆಯ ಬೆಳಕು ಮಾತ್ರ. ಅದರಲ್ಲಿ ಮೂರು ಗಂಟೆ ರಸ್ತೆಗೆ ಹೋದರೆ ಉಳಿಯುವುದು ಎಷ್ಟು ಎಂದು ನೀವೇ ನೋಡಿ.

ಖರೀದಿಗೆ ಬೆಳಗಿನ ಹೊತ್ತೇ ಒಳ್ಳೆಯದು. ಬಿಸಿಲು ಏರುವ ಮೊದಲು ಕುಶಲಕರ್ಮಿಗಳು ಕೆಲಸಕ್ಕೆ ಕುಳಿತಿರುತ್ತಾರೆ, ಮಾತನಾಡುವ ವ್ಯವಧಾನವೂ ಇರುತ್ತದೆ. ಹನ್ನೊಂದಾದರೆ ಪ್ರವಾಸಿ ಬಸ್ಸುಗಳು ಬಂದಿಳಿಯುತ್ತವೆ, ಅಲ್ಲಿಂದಾಚೆ ನೋಡಲು ಸಿಗುವುದು ಮಾರಾಟವೇ ಹೊರತು ಕೆಲಸವಲ್ಲ. ಪೂರ್ವದ ದಂಡೆಗಳಲ್ಲಿ ಮಧ್ಯಾಹ್ನ ಕಳೆದ ಮೇಲೆ ಸೂರ್ಯ ಬೆನ್ನ ಹಿಂದೆ ಹೋಗುವುದರಿಂದ ಮರಗಳ ನೆರಳು ಮರಳಿನ ಮೇಲೆ ಬೀಳುತ್ತದೆ. ಮಲಗಲು, ಓದಲು, ಮಕ್ಕಳನ್ನು ನೀರಿಗೆ ಬಿಡಲು ಅದು ಹಿತವಾದ ಸಮಯ. ಪಶ್ಚಿಮದ ದಂಡೆಗಳಲ್ಲಿ ಅದೇ ಹೊತ್ತಿಗೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ಅದಕ್ಕೆ ಪ್ರತಿಯಾಗಿ ಸೂರ್ಯಾಸ್ತ ಸಿಗುತ್ತದೆ.

ಸಾನೂರ್ ಮತ್ತು ಚೆಲುಕ್–ಮಾಸ್ ರಸ್ತೆ

ಮೊದಲ ಬಾರಿ ಬಾಲಿಗೆ ಹೋಗುವವರಿಗೆ, ಮಕ್ಕಳು ಅಥವಾ ವಯಸ್ಸಾದವರು ಜೊತೆಗಿರುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಬಾಲಿಯ ರಾಜಧಾನಿ ದೆನ್‌ಪಸಾರ್‌ನಿಂದ ಉಬುದ್ ಕಡೆಗೆ ಹೋಗುವ ಹಳೆಯ ರಸ್ತೆಯಲ್ಲಿ ಒಂದರ ಹಿಂದೊಂದು ಕಸುಬಿನ ಊರುಗಳಿವೆ. ಬಟುಬುಲಾನ್‌ನಲ್ಲಿ ಕಲ್ಲು, ಚೆಲುಕ್‌ನಲ್ಲಿ ಬೆಳ್ಳಿ, ಸುಕಾವತಿಯಲ್ಲಿ ದೊಡ್ಡ ಕಲಾ ಮಾರುಕಟ್ಟೆ, ಬತುವಾನ್‌ನಲ್ಲಿ ಚಿತ್ರ, ಮಾಸ್‌ನಲ್ಲಿ ಮರ. ಇವೆಲ್ಲ ಗಿಯಾನ್ಯಾರ್ ಜಿಲ್ಲೆಗೆ ಸೇರಿದವು. ಸಾನೂರ್‌ನಿಂದ ಹೊರಟರೆ ಚೆಲುಕ್ ಅರ್ಧ ಗಂಟೆಯ ದಾರಿ, ಮಾಸ್ ಮುಕ್ಕಾಲು ಗಂಟೆ. ಬೆಳಿಗ್ಗೆ ಎಂಟೂವರೆಗೆ ಹೊರಟವರು ಒಂದು ಗಂಟೆಗೆ ಮರಳಿನ ಮೇಲಿರಬಹುದು.

ಐದೂ ಊರುಗಳಲ್ಲಿ ಇಳಿಯಬೇಡಿ. ಎರಡನ್ನು ಆರಿಸಿ. ಯಾವ ಎರಡು ಎಂದು ಕೇಳಿದರೆ, ಚೆಲುಕ್ ಮತ್ತು ಮಾಸ್ ಎನ್ನುತ್ತೇನೆ.

ಚೆಲುಕ್‌ನ ಮುಖ್ಯರಸ್ತೆಯ ಎರಡೂ ಬದಿಗೆ ಹವಾನಿಯಂತ್ರಿತ ದೊಡ್ಡ ಮಳಿಗೆಗಳಿವೆ. ಬಸ್ಸು ನಿಲ್ಲುವುದು ಅಲ್ಲಿ, ದರ ಏರುವುದೂ ಅಲ್ಲಿ. ಒಳಗಿನ ಓಣಿಗಳಿಗೆ ನಡೆದುಹೋಗಿ. ಮನೆಯ ಮುಂದಿನ ಕಟ್ಟೆಯ ಮೇಲೆಯೇ ಅಕ್ಕಸಾಲಿಗರು ಕುಳಿತಿರುತ್ತಾರೆ. ಈ ಊರಿನ ಕೈಚಳಕವೆಂದರೆ ಬೆಳ್ಳಿಯ ಗುಂಡುಗಳ ಕೆಲಸ. ಬೆಳ್ಳಿಯ ತಂತಿಯನ್ನು ಚೂರು ಚೂರು ಕತ್ತರಿಸಿ ಇದ್ದಿಲಿನ ಮೇಲಿಟ್ಟು ಉರಿ ಹಾಯಿಸಿದರೆ ಪ್ರತಿ ಚೂರೂ ಕರಗಿ ತಾನಾಗಿಯೇ ದುಂಡಗಾಗುತ್ತದೆ, ಸಾಸಿವೆಗಿಂತ ಚಿಕ್ಕದು. ಆ ಗುಂಡುಗಳನ್ನು ಒಂದೊಂದಾಗಿ ಎತ್ತಿ, ಬೀಜವೊಂದನ್ನು ಅರೆದು ಮಾಡಿದ ಅಂಟಿನಲ್ಲಿ ತಾಗಿಸಿ, ಉಂಗುರದ ಮೇಲೆ ಸಾಲಾಗಿ ಕೂರಿಸುತ್ತಾರೆ. ಆಮೇಲೆ ಬೆಸುಗೆಯ ಪುಡಿ ಉದುರಿಸಿ, ಕಾಲಿನಿಂದ ತಿದಿ ಒತ್ತುತ್ತಾ ಉರಿ ಹಿಡಿಯುತ್ತಾರೆ. ಉರಿ ಒಂದು ಕ್ಷಣ ಹೆಚ್ಚಾದರೆ ಇಡೀ ಸಾಲು ಕರಗಿ ಒಂದಾಗಿಬಿಡುತ್ತದೆ. ಇದನ್ನು ಹತ್ತು ನಿಮಿಷ ಪಕ್ಕದಲ್ಲಿ ನಿಂತು ನೋಡಿದವರು ಆ ಉಂಗುರಕ್ಕೆ ಎಷ್ಟು ಕೊಡಬೇಕು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಕೊಳ್ಳುವಾಗ 925 ಎಂಬ ಗುರುತನ್ನು ನೋಡಿ. ನೂರರಲ್ಲಿ ತೊಂಬತ್ತೆರಡೂವರೆ ಪಾಲು ಬೆಳ್ಳಿ ಎಂದು ಅದರ ಅರ್ಥ. ಗುರುತಿದ್ದ ಮಾತ್ರಕ್ಕೆ ನಂಬಬೇಕೆಂದಿಲ್ಲ, ತಾಮ್ರ ಹಿತ್ತಾಳೆಗೆ ಬೆಳ್ಳಿಯ ಲೇಪ ಕೊಟ್ಟವೂ ಮಾರುಕಟ್ಟೆಯಲ್ಲಿವೆ. ಆದ್ದರಿಂದ ಬೆಳ್ಳಿಯನ್ನು ಬೀದಿಯ ಗಾಡಿಯಲ್ಲಿ ಕೊಳ್ಳದೆ, ತಯಾರಿಸಿದವರ ಮನೆಯಲ್ಲೇ ಕೊಂಡು, ತೂಕ ಮತ್ತು ಗುರುತನ್ನು ಬರೆದ ರಸೀದಿ ಪಡೆಯಿರಿ. ಗುಂಡುಗಳ ಸಾಲನ್ನು ಉಗುರಿನಿಂದ ಸವರಿ ನೋಡಿ. ಕೈಯಿಂದ ಕೂರಿಸಿದ್ದರಲ್ಲಿ ಗುಂಡು ಗುಂಡಿನ ನಡುವೆ ಸಂದು ಬೆರಳಿಗೆ ಸಿಗುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದದ್ದರಲ್ಲಿ ಸಂದು ತುಂಬಿಕೊಂಡು ಉಬ್ಬುತಗ್ಗು ಮಾತ್ರ ಇರುತ್ತದೆ. ಕೊಳ್ಳುವುದಕ್ಕಿಂತ ಮಾಡುವುದರಲ್ಲಿ ಆಸಕ್ತಿಯಿದ್ದರೆ, ಎರಡು ಮೂರು ಗಂಟೆಯಲ್ಲಿ ನಿಮ್ಮ ಕೈಯಿಂದಲೇ ಒಂದು ಉಂಗುರ ಮಾಡಿಸುವ ತರಗತಿಗಳೂ ಇಲ್ಲಿವೆ. ಹದಿಹರೆಯದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಬೆಳಗು ಇನ್ನೊಂದಿಲ್ಲ.

ಮಾಸ್‌ನಲ್ಲಿ ಕೆತ್ತುವವರು ನೆಲದ ಮೇಲೆ ಕುಳಿತು, ಮರದ ತುಂಡನ್ನು ಎರಡು ಪಾದಗಳ ನಡುವೆ ಹಿಡಿದು, ಉಳಿ ಮತ್ತು ಕೊಡತಿಯಿಂದ ಕೆಲಸ ಮಾಡುತ್ತಾರೆ. ಕುಣಿತದ ಮುಖವಾಡಗಳಿಗೆ ಸಪ್ತಪರ್ಣದ ಹಗುರವಾದ ಮರವನ್ನು ಬಳಸುತ್ತಾರೆ. ದಾಸವಾಳದ ಜಾತಿಯ ಮರ, ಸುವಾರ್ ಎಂದು ಅಲ್ಲಿ ಕರೆಯುವ ಮಳೆಮರ, ಸಾಗುವಾನಿ, ಕರಿಮರ ಎಲ್ಲವೂ ಸಿಗುತ್ತವೆ. ಗಂಧದ ಮರ ಎಂದು ತೋರಿಸಿದ್ದನ್ನು ಅನುಮಾನದಿಂದಲೇ ನೋಡಿ. ಅಗ್ಗದ ಮರಕ್ಕೆ ಗಂಧದ ಪುಡಿ ತಿಕ್ಕಿ ಮಾರುವುದು ಹಳೆಯ ಚಾಳಿ. ಪರೀಕ್ಷೆ ಬೇಕಾದರೆ ವಿಗ್ರಹದ ತಳವನ್ನು ತಿರುವಿ ನೋಡಿ. ಬಣ್ಣ, ಮೆರುಗು ಇಲ್ಲದ ಆ ಜಾಗವೇ ನಿಜ ಹೇಳುತ್ತದೆ. ಅಲ್ಲಿ ಮೇಣ ಅಥವಾ ಮರದ ಪುಡಿ ತುಂಬಿ ಮುಚ್ಚಿದ ಬಿರುಕು ಕಂಡರೆ ಕೆಳಗಿಡಿ. ಬಾಲಿಯ ಹವೆಯಲ್ಲಿ ಸದಾ ತೇವವಿರುತ್ತದೆ. ಚೆನ್ನಾಗಿ ಒಣಗದ ಮರವನ್ನು ಒಣಹವೆಯ ಊರಿಗೆ ಒಯ್ದರೆ ಕೆಲವೇ ತಿಂಗಳಲ್ಲಿ ಸೀಳುತ್ತದೆ. ಗಾತ್ರದ ಹೋಲಿಕೆಯಲ್ಲಿ ಭಾರ ಅತಿಯಾಗಿದ್ದರೆ ಒಳಗೆ ಇನ್ನೂ ನೀರಿದೆ ಎಂಬ ಸಂಶಯ ಇರಲಿ. ಇದೇ ಕಾರಣಕ್ಕೆ ದೊಡ್ಡದೊಂದರ ಬದಲು ಚಿಕ್ಕದಾದ, ಆಳವಾಗಿ ಕೆತ್ತಿದ ವಿಗ್ರಹ ಕೊಳ್ಳುವುದು ಜಾಣತನ.

ಬಟುಬುಲಾನ್‌ನ ಕಲ್ಲು ನೋಡಲು ಚೆಂದ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲು ಅದು, ಉಳಿಗೆ ಸುಲಭವಾಗಿ ಬಗ್ಗುತ್ತದೆ, ಪಾಚಿಯೂ ಬೇಗ ಹಿಡಿಯುತ್ತದೆ. ವಿಮಾನದಲ್ಲಿ ಒಯ್ಯುವ ವಸ್ತುವಲ್ಲ. ಬತುವಾನ್‌ನ ಚಿತ್ರಗಳ ಮಾತು ಬೇರೆ. ಒಂದಿಂಚೂ ಖಾಲಿ ಬಿಡದೆ ಕಾಡು, ಜನ, ಪ್ರಾಣಿ, ದೇವತೆಗಳನ್ನು ತುಂಬಿದ ಆ ಶೈಲಿ 1930ರ ದಶಕದಲ್ಲಿ ರೂಪುಗೊಂಡಿತು. ಸುರುಳಿ ಸುತ್ತಿ ಕೊಳವೆಯಲ್ಲಿ ಹಾಕಿಸಿಕೊಳ್ಳಬಹುದು. ಬೆಳ್ಳಿಗೂ ಮರಕ್ಕೂ ಮನಸ್ಸಿಲ್ಲದವರು ನೇರ ಇಲ್ಲಿಗೇ ಬರಲಿ.

ಇನ್ನು ಸಾನೂರ್. ಪೂರ್ವಕ್ಕೆ ಮುಖ ಮಾಡಿದ ಈ ದಂಡೆಯ ಮುಂದೆ ಹವಳದ ದಿಬ್ಬವಿದೆ. ದೊಡ್ಡ ಅಲೆಗಳು ಅಲ್ಲೇ ಮುರಿಯುತ್ತವೆ, ಒಳಗಿನ ನೀರು ಕೆರೆಯ ಹಾಗೆ ಇರುತ್ತದೆ. ದಂಡೆಯುದ್ದಕ್ಕೂ ಸುಮಾರು ಐದು ಕಿಲೋಮೀಟರಿನ ಕಾಲುದಾರಿ, ಬದಿಯಲ್ಲಿ ಮರಗಳ ನೆರಳು, ಬಣ್ಣ ಬಳಿದ ಸಣ್ಣ ದೋಣಿಗಳು. ಗಾಲಿಕುರ್ಚಿಯನ್ನೂ ಮಗುವಿನ ಗಾಡಿಯನ್ನೂ ತಳ್ಳಿಕೊಂಡು ಹೋಗಬಹುದಾದ ದಂಡೆ ಬಾಲಿಯಲ್ಲಿ ಅಪರೂಪ. 1966ರಲ್ಲಿ ಇಲ್ಲಿ ಹತ್ತು ಮಹಡಿಯ ಹೋಟೆಲೊಂದು ಎದ್ದು ನಿಂತಾಗ ದ್ವೀಪದ ಜನ ಬೇಸರಗೊಂಡರು. ತೆಂಗಿನ ಮರಕ್ಕಿಂತ ಎತ್ತರಕ್ಕೆ, ಅಂದರೆ ಸುಮಾರು 15 ಮೀಟರಿಗಿಂತ ಮೇಲೆ, ಕಟ್ಟಬಾರದೆಂಬ ನಿಯಮ ಆಮೇಲೆ ಬಂತು. ಆ ನಿಯಮದ ಫಲವನ್ನು ಇಂದಿಗೂ ಮರಳಿನ ಮೇಲೆ ಮಲಗಿ ತಲೆ ಎತ್ತಿದರೆ ನೋಡಬಹುದು.

ಸಾನೂರ್‌ಗೂ ಒಂದು ಕೊರತೆಯಿದೆ. ಇಳಿತದ ಹೊತ್ತಿನಲ್ಲಿ ನೀರು ದೂರ ಸರಿದು, ಮೊಣಕಾಲು ಮುಳುಗದಷ್ಟು ಮಾತ್ರ ಉಳಿಯುತ್ತದೆ. ಈಜುವ ಆಸೆಯಿದ್ದರೆ ಆ ದಿನ ಮಧ್ಯಾಹ್ನ ಉಬ್ಬರ ಎಷ್ಟು ಹೊತ್ತಿಗೆ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಉಬ್ಬರ ಬೆಳಿಗ್ಗೆಯೇ ಇದ್ದರೆ ದಿನವನ್ನು ಮಗುಚಿ ಹಾಕಿ, ಮೊದಲು ಈಜಿ ಆಮೇಲೆ ಊರುಗಳಿಗೆ ಹೋಗುವುದೂ ಒಂದು ದಾರಿ. ಇಷ್ಟು ಹತ್ತಿರದ ಜೋಡಿಯಾದ್ದರಿಂದಲೇ ಈ ಬದಲಾವಣೆ ಸಾಧ್ಯ.

ತೆಂಗಾನಾನ್ ಮತ್ತು ಚಂಡಿದಾಸ

ಬಟ್ಟೆಯನ್ನು ಬಲ್ಲವರು, ನೇಯ್ಗೆಯನ್ನು ಪ್ರೀತಿಸುವವರು ಮೇಲಿನ ಪುಟವನ್ನೆಲ್ಲ ಬಿಟ್ಟು ಇಲ್ಲಿಗೆ ಬರಬೇಕು. ದ್ವೀಪದ ಪೂರ್ವ ತುದಿಯ ಕರಾಂಗಾಸೆಮ್ ಜಿಲ್ಲೆಯಲ್ಲಿ, ಬೆಟ್ಟಗಳ ನಡುವೆ ಅಡಗಿದ ತೆಂಗಾನಾನ್ ಎಂಬ ಹಳ್ಳಿಯಿದೆ. ಬಾಲಿಯ ಮೂಲನಿವಾಸಿಗಳೆಂದು ಹೇಳಿಕೊಳ್ಳುವ ಸಮುದಾಯದ ಊರು. ಒಳಗೆ ಕಾರು ಹೋಗುವುದಿಲ್ಲ. ಬಾಗಿಲಲ್ಲಿ ಕಾಣಿಕೆ ಕೊಟ್ಟು ಒಳಗೆ ಕಾಲಿಟ್ಟರೆ ಕಲ್ಲು ಹಾಸಿದ ಅಗಲವಾದ ಬೀದಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ, ಎರಡೂ ಬದಿ ಮನೆ, ಮನೆಯೊಳಗೇ ಅಂಗಡಿ.

ಇಲ್ಲಿ ನೇಯುವ ಗೆರಿಂಗ್‌ಸಿಂಗ್ ಬಟ್ಟೆಯಲ್ಲಿ ಹಾಸಿನ ನೂಲಿಗೂ ಹೊಕ್ಕಿನ ನೂಲಿಗೂ ನೇಯುವ ಮೊದಲೇ ಗಂಟು ಕಟ್ಟಿ ಬಣ್ಣ ಹಾಕಿರುತ್ತಾರೆ. ಮಗ್ಗದ ಮೇಲೆ ಎರಡೂ ಸರಿಯಾಗಿ ಒಂದರ ಮೇಲೊಂದು ಕೂತರೆ ಮಾತ್ರ ವಿನ್ಯಾಸ ಮೂಡುತ್ತದೆ. ಜಗತ್ತಿನಲ್ಲಿ ಈ ವಿದ್ಯೆ ಉಳಿದಿರುವುದು ಗುಜರಾತಿನ ಪಾಟಣ, ಜಪಾನ್ ಮೊದಲಾದ ಕೆಲವೇ ಕಡೆ. ಇಂಡೋನೇಷ್ಯಾದಲ್ಲಿ ಇದೊಂದೇ ಊರು. ನೂಲನ್ನು ಮೊದಲು ಒಂದು ಬಗೆಯ ಕಾಯಿಯ ಎಣ್ಣೆ ಮತ್ತು ಬೂದಿನೀರಿನಲ್ಲಿ ವಾರಗಟ್ಟಲೆ ನೆನೆಸುತ್ತಾರೆ. ಕೆಂಪು ಬಣ್ಣ ಬರುವುದು ನೋನಿ ಜಾತಿಯ ಗಿಡದ ಬೇರಿನ ತೊಗಟೆಯಿಂದ. ನೀಲಿಯನ್ನು ಈ ಊರಿನಲ್ಲಿ ಹಾಕುವ ಹಾಗಿಲ್ಲವೆಂಬ ಕಟ್ಟುಪಾಡು ಇದ್ದುದರಿಂದ, ನೂಲು ಪಕ್ಕದ ಬುಗ್‌ಬುಗ್ ಊರಿಗೆ ಹೋಗಿ ನೀಲಿ ಅದ್ದಿಸಿಕೊಂಡು ಬರುತ್ತಿತ್ತು. ಒಂದು ಬಟ್ಟೆ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ದರವೂ ಲಕ್ಷಗಳನ್ನು ದಾಟಿ ದಶಲಕ್ಷ ರುಪಿಯಾಗಳಲ್ಲಿರುತ್ತದೆ. ಇಲ್ಲಿ ಗಟ್ಟಿಯಾಗಿ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೊಳ್ಳಲು ಆಗದಿದ್ದರೆ ನೋಡಿ, ಮುಟ್ಟಿ, ಕೈ ಮುಗಿದು ಬನ್ನಿ. ನೇಯುವವರು ಅದಕ್ಕೂ ಸಂತೋಷಪಡುತ್ತಾರೆ.

ಜೇಬಿಗೆ ಹೊಂದುವ ವಸ್ತುಗಳೂ ಇದೇ ಬೀದಿಯಲ್ಲಿವೆ. ಆಟಾ ಎಂಬ ಬಳ್ಳಿಯಿಂದ ಹೆಣೆದ ಬುಟ್ಟಿ, ಚೀಲಗಳು ನನಗೆ ಬಹಳ ಇಷ್ಟ. ಬಳ್ಳಿಯನ್ನು ಸೀಳಿ, ಒಂದೇ ದಪ್ಪಕ್ಕೆ ತಂದು, ಸುತ್ತು ಸುತ್ತಾಗಿ ಬಿಗಿಯಾಗಿ ಹೆಣೆದು, ಬಿಸಿಲಿನಲ್ಲಿ ಒಣಗಿಸಿ, ಕೊನೆಗೆ ತೆಂಗಿನ ಸಿಪ್ಪೆಯ ಹೊಗೆಯ ಮೇಲೆ ದಿನಗಟ್ಟಲೆ ಇಡುತ್ತಾರೆ. ಜೇನಿನ ಬಣ್ಣ ಬರುವುದು ಆ ಹೊಗೆಯಿಂದ. ಹೊಸ ಬುಟ್ಟಿಯ ಮುಚ್ಚಳ ತೆಗೆದು ಮೂಸಿದರೆ ಹೊಗೆಯ ವಾಸನೆ ಗಮ್ಮೆನ್ನಬೇಕು. ಬಣ್ಣ ಮಾತ್ರ ಇದ್ದು ವಾಸನೆ ಇಲ್ಲದಿದ್ದರೆ ಮೆರುಗೆಣ್ಣೆ ಬಳಿದಿದ್ದಾರೆ ಎಂದು ತಿಳಿಯಿರಿ. ಬುಟ್ಟಿಯನ್ನು ಅಂಗೈಗಳ ನಡುವೆ ಒತ್ತಿ ನೋಡಿ, ಒಳ್ಳೆಯ ಹೆಣಿಗೆ ಬಗ್ಗುವುದಿಲ್ಲ, ಕಿರುಗುಟ್ಟುವುದೂ ಇಲ್ಲ. ತಾಳೆಗರಿಯ ಮೇಲೆ ಚೂಪಾದ ಕತ್ತಿಯಿಂದ ಗೀರಿ, ಸುಟ್ಟ ಕಾಯಿಯ ಮಸಿ ತಿಕ್ಕಿ ತೆಗೆದ ಚಿತ್ರಗಳು ಇನ್ನೊಂದು. ನಿಮ್ಮ ಕಣ್ಣ ಮುಂದೆಯೇ ಗೀರಿ ಕೊಡುತ್ತಾರೆ, ಹಗುರ, ಮಡಚಲು ಬರುತ್ತದೆ.

ದಾರಿಯಲ್ಲಿ ಕ್ಲುಂಗ್‌ಕುಂಗ್ ಮಾರುಕಟ್ಟೆಯ ಬಟ್ಟೆಯ ಸಾಲು ಸಿಗುತ್ತದೆ. ಅಲ್ಲಿನ ಗಿರಾಕಿಗಳು ಹೆಚ್ಚಾಗಿ ಬಾಲಿಯವರೇ, ಹಬ್ಬಕ್ಕೂ ಪೂಜೆಗೂ ಬಟ್ಟೆ ಕೊಳ್ಳಲು ಬಂದವರು. ಎಂಡೆಕ್ ಎಂಬ ಬಟ್ಟೆ ಇಲ್ಲಿ ನ್ಯಾಯವಾದ ದರಕ್ಕೆ ಸಿಗುತ್ತದೆ. ಇದರಲ್ಲಿ ಹೊಕ್ಕಿನ ನೂಲಿಗೆ ಮಾತ್ರ ಗಂಟಿನ ಬಣ್ಣ. ಪ್ರತಿ ಮಂಗಳವಾರ ಎಂಡೆಕ್ ಉಡುವಂತೆ 2021ರಲ್ಲಿ ಬಾಲಿಯ ರಾಜ್ಯಪಾಲರು ಸುತ್ತೋಲೆ ಹೊರಡಿಸಿದ ಮೇಲೆ ಕಚೇರಿಗಳಲ್ಲೂ ಅದು ಕಾಣತೊಡಗಿತು. ಬಾಟಿಕ್ ಬೇಕೆನ್ನುವವರಿಗೆ ಒಂದು ಮಾತು. ಬಾಟಿಕ್ ಜಾವಾದ ವಿದ್ಯೆ, ಬಾಲಿಯ ಸ್ವಂತದ್ದು ಎಂಡೆಕ್. ಎರಡನ್ನೂ ಕೊಳ್ಳುವಾಗ ಬಟ್ಟೆಯ ಹಿಂಬದಿ ನೋಡಿ. ಮೇಣ ಬಳಸಿ ಬಣ್ಣ ಅದ್ದಿದ ಬಾಟಿಕ್‌ನಲ್ಲೂ, ಮಗ್ಗದ ಎಂಡೆಕ್‌ನಲ್ಲೂ ಹಿಂದೆ ಮುಂದೆ ಹೆಚ್ಚುಕಡಿಮೆ ಒಂದೇ ಬಣ್ಣ. ಹಿಂಬದಿ ಪೇಲವವಾಗಿದ್ದರೆ ಯಂತ್ರದಲ್ಲಿ ಅಚ್ಚು ಹಾಕಿದ್ದು.

ಚಂಡಿದಾಸದ ದಂಡೆಯ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ಅಲ್ಲಿ ಮರಳು ಕಡಿಮೆ. ಹಿಂದೆ ಕಟ್ಟಡಗಳ ಸುಣ್ಣಕ್ಕಾಗಿ ಹವಳದ ದಿಬ್ಬವನ್ನೇ ಅಗೆದು ಸುಟ್ಟರು. ದಿಬ್ಬ ಹೋದ ಮೇಲೆ ಅಲೆ ನೇರವಾಗಿ ಬಂದು ಮರಳನ್ನು ಕೊಚ್ಚಿಕೊಂಡು ಹೋಯಿತು. ಈಗ ಕಾಂಕ್ರೀಟಿನ ತಡೆಗೋಡೆಗಳಿವೆ. ಹಾಗೆಂದು ಊರು ನೀರಸವೇನಲ್ಲ. ಇಲ್ಲಿನ ರೆಸಾರ್ಟುಗಳು ಚಿಕ್ಕವು, ಶಾಂತವಾದವು, ಈಜುಕೊಳ ಸಮುದ್ರದ ಅಂಚಿಗೇ ಇರುತ್ತದೆ, ಎದುರಿಗೆ ನುಸಾ ಪೆನಿಡಾ ದ್ವೀಪ ಕಾಣುತ್ತದೆ. ಕಾಲಿಗೆ ಮರಳೇ ಬೇಕು ಎನ್ನುವವರು ಅಲ್ಲಿಂದ ಇನ್ನೂ ಸ್ವಲ್ಪ ಪೂರ್ವಕ್ಕೆ, ಪಾಸಿರ್ ಪುತಿಹ್ ಎಂಬ ಬಿಳಿ ಮರಳಿನ ಕೊಲ್ಲಿಗೆ ಹೋಗಲಿ. ಅಲ್ಲಿ ರೆಸಾರ್ಟಿನ ವೈಭವ ಇಲ್ಲ, ಹುಲ್ಲಿನ ಚಾವಣಿಯ ಅಂಗಡಿಗಳು, ಬಾಡಿಗೆಯ ಕುರ್ಚಿ, ಎಳನೀರು, ಸುಟ್ಟ ಮೀನು.

ಈ ಜೋಡಿಯ ಷರತ್ತು ಒಂದೇ, ಹಿಂದಿನ ರಾತ್ರಿ ಅಥವಾ ಆ ರಾತ್ರಿ ಪೂರ್ವದಲ್ಲೇ ತಂಗಬೇಕು. ವಿಮಾನ ನಿಲ್ದಾಣದ ಕಡೆಯಿಂದ ಒಂದೇ ದಿನದಲ್ಲಿ ಹೋಗಿಬರುವುದಾದರೆ ಎರಡೆರಡು ಗಂಟೆಯಂತೆ ನಾಲ್ಕು ಗಂಟೆ ರಸ್ತೆಗೇ ಮುಡಿಪು. ಚಂಡಿದಾಸದಲ್ಲಿ ತಂಗಿದವರಿಗೆ ತೆಂಗಾನಾನ್ ಕಾಲು ಗಂಟೆಯ ದಾರಿ.

ಉಬುದ್ ಮತ್ತು ನುಸಾ ದುವಾ

ಪ್ರವಾಸ ಕಂಪನಿಗಳು ಹೆಚ್ಚಾಗಿ ಮಾರುವ ಜೋಡಿ ಇದೇ, ನಾನು ಬೇಡ ಎನ್ನುವ ಜೋಡಿಯೂ ಇದೇ. ಎರಡೂ ಸ್ಥಳಗಳು ತಮ್ಮ ತಮ್ಮ ಮಟ್ಟಿಗೆ ಒಳ್ಳೆಯವು. ಉಬುದ್‌ಗೆ ಎರಡು ದಿನ ಕೊಟ್ಟರೂ ಸಾಲದು. ನುಸಾ ದುವಾ ಸರ್ಕಾರವೇ ಯೋಜಿಸಿ ಕಟ್ಟಿಸಿದ ರೆಸಾರ್ಟುಗಳ ಆವರಣ. ಹುಲ್ಲುಹಾಸು, ಕಾವಲು, ಶಾಂತ ನೀರು, ಅಚ್ಚುಕಟ್ಟಾದ ಮರಳು. ಆದರೆ ಇವೆರಡರ ನಡುವಿನ ಅಂತರ ನಲವತ್ತು ಕಿಲೋಮೀಟರಿಗಿಂತ ಹೆಚ್ಚು, ಸಂಜೆಯ ದಟ್ಟಣೆಯಲ್ಲಿ ಎರಡು ಗಂಟೆ. 2013ರಲ್ಲಿ ಸಮುದ್ರದ ಮೇಲಿನ ಟೋಲ್ ರಸ್ತೆ ತೆರೆದ ಮೇಲೆ ದಕ್ಷಿಣ ತುದಿಯ ಪ್ರಯಾಣ ಹಗುರವಾಯಿತು. ಉಬುದ್ ಕಡೆಯ ಇಕ್ಕಟ್ಟು ಇದ್ದ ಹಾಗೇ ಇದೆ.

ಉಬುದ್ ಅರಮನೆಯ ಎದುರಿನ ಮಾರುಕಟ್ಟೆಯಲ್ಲಿ ಸಿಗುವ ಚೀಲ, ಉಡುಪು, ಅಲಂಕಾರದ ವಸ್ತುಗಳಲ್ಲಿ ಬಹಳಷ್ಟು ಸಗಟಾಗಿ ತಯಾರಾಗಿ ಬಂದವು. ಅವನ್ನೇ ಕೊಳ್ಳುವುದಾದರೆ ಸುಕಾವತಿ ಮಾರುಕಟ್ಟೆಯಲ್ಲಿ ಕಡಿಮೆಗೆ ಸಿಗುತ್ತವೆ. ನುಸಾ ದುವಾದಲ್ಲೇ ತಂಗಿದ್ದು ಅಲ್ಲಿಂದ ಕದಲುವ ಮನಸ್ಸಿಲ್ಲದವರು ಖರೀದಿಯ ಆಸೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಲಿ, ಆ ದಿನವನ್ನು ಪೂರ್ತಿ ನೀರಿಗೆ ಕೊಡಲಿ.

ಸೆಮಿನ್ಯಾಕ್

ಇಲ್ಲಿ ಅಂಗಡಿಯಿಂದ ದಂಡೆಗೆ ನಡೆದೇ ಹೋಗಬಹುದು. ವಿನ್ಯಾಸಕರ ಉಡುಪು, ಮನೆಯ ಅಲಂಕಾರ, ಆಧುನಿಕ ಆಭರಣ ಬೇಕಾದವರಿಗೆ ಅನುಕೂಲ. ಕುಶಲಕರ್ಮಿಯ ಮುಖ ಕಾಣುವುದಿಲ್ಲ, ದರಪಟ್ಟಿ ಅಂಟಿಸಿರುತ್ತದೆ. ಸಮುದ್ರ ಪಶ್ಚಿಮದ್ದು, ಅಲೆ ದೊಡ್ಡದು, ಒಳಸೆಳೆತ ಬಲವಾದದ್ದು. ಜೀವರಕ್ಷಕರು ಕೆಂಪು-ಹಳದಿ ಬಾವುಟ ನೆಟ್ಟ ಜಾಗದ ನಡುವೆ ಮಾತ್ರ ನೀರಿಗಿಳಿಯಬೇಕು. ಗೆಳೆಯರ ಗುಂಪಿಗೆ, ಸೂರ್ಯಾಸ್ತ ನೋಡುತ್ತಾ ಸಂಗೀತ ಕೇಳುವವರಿಗೆ ಸರಿ. ಚಿಕ್ಕ ಮಕ್ಕಳೊಂದಿಗೆ ಬೇಡ.

ದುಡ್ಡು, ದರ, ಮರ್ಯಾದೆ

ರುಪಿಯಾದಲ್ಲಿ ಸೊನ್ನೆಗಳು ಹೆಚ್ಚು. ಅತಿ ದೊಡ್ಡ ನೋಟು 100,000 ರುಪಿಯಾದ್ದು. ಮಾತಿನಲ್ಲಿ ಕೊನೆಯ ಮೂರು ಸೊನ್ನೆಗಳನ್ನು ನುಂಗಿಬಿಡುತ್ತಾರೆ, "ಐವತ್ತು" ಎಂದರೆ ಐವತ್ತು ಸಾವಿರ. ಐವತ್ತು ಸಾವಿರದ ನೋಟು ನೀಲಿ, ಒಂದು ಲಕ್ಷದ್ದು ಕೆಂಪು. ಕೊಡುವ ಮೊದಲು ಬಣ್ಣ ನೋಡಿಕೊಳ್ಳಿ. ನೋಟು ಬದಲಾಯಿಸುವಾಗ ಎಲ್ಲರಿಗಿಂತ ಹೆಚ್ಚು ದರ ಬರೆದ ಓಣಿಯ ಅಂಗಡಿಗೆ ಹೋಗದೆ ಅಧಿಕೃತ ಕಚೇರಿಗೆ ಹೋಗಿ, ಎಣಿಸಿದ ಹಣವನ್ನು ಮತ್ತೆ ಅವರ ಕೈಗೆ ಕೊಡಬೇಡಿ. ಕೊನೆಯಲ್ಲಿ ಎಣಿಸುವವರು ನೀವೇ ಆಗಿರಬೇಕು.

ಇಡೀ ದಿನಕ್ಕೆ ಚಾಲಕನೊಂದಿಗೆ ಕಾರು ಹಿಡಿದರೆ ಸುಮಾರು ಆರರಿಂದ ಎಂಟು ಲಕ್ಷ ರುಪಿಯಾ ಆಗುತ್ತದೆ. ಅದಕ್ಕಿಂತ ತೀರಾ ಕಡಿಮೆ ಹೇಳಿದರೆ ಉಳಿದದ್ದನ್ನು ಮಳಿಗೆಗಳ ಕಮಿಷನ್ ತುಂಬಿಕೊಡುತ್ತದೆ ಎಂದೇ ಅರ್ಥ. ಹೊರಡುವ ಮೊದಲೇ ಹೋಗಬೇಕಾದ ಊರುಗಳ ಹೆಸರನ್ನು ಚೀಟಿಯಲ್ಲಿ ಬರೆದು ಚಾಲಕರಿಗೆ ಕೊಡಿ, "ಪಾಕ್" ಎಂದು ಗೌರವದಿಂದ ಕರೆದು ಮಾತನಾಡಿಸಿ. ಬಾಲಿಯ ಚಾಲಕರಲ್ಲಿ ಹೆಚ್ಚಿನವರು ಸಜ್ಜನರು, ಬೇಡವೆಂದ ಕಡೆ ನಿಲ್ಲಿಸುವುದಿಲ್ಲ.

ಸುಕಾವತಿಯಂಥ ಮಾರುಕಟ್ಟೆಯಲ್ಲಿ ಚೌಕಾಸಿ ನಡೆಯುತ್ತದೆ. ಹೇಳಿದ ದರದ ಅರ್ಧದಿಂದ ಆರಂಭಿಸಿ, ನಗುತ್ತಾ ನಡುವೆ ಎಲ್ಲೋ ಸೇರುವುದು ರೂಢಿ. ಬೋಣಿಯ ಹೊತ್ತಿಗೆ ಹೋದರೆ ಮಾತು ಬೇಗ ಮುಗಿಯುತ್ತದೆ. ಮೊದಲ ಗಿರಾಕಿಯ ನೋಟುಗಳನ್ನು ಕೈಯಲ್ಲಿ ಹಿಡಿದು ಅಂಗಡಿಯ ವಸ್ತುಗಳಿಗೆಲ್ಲ ಮೆಲ್ಲನೆ ತಟ್ಟುತ್ತಾ ಹೋಗುವ ಹೆಂಗಸರನ್ನು ಅಲ್ಲಿ ನೋಡುತ್ತೀರಿ, ಇಡೀ ದಿನ ವ್ಯಾಪಾರವಾಗಲಿ ಎಂಬ ಹಾರೈಕೆ ಅದು. ಆದರೆ ಮಾಡಿದವರ ಕೈಯಿಂದಲೇ ಕೊಳ್ಳುವಾಗ ಬಹಳ ಎಳೆಯಬೇಡಿ. ಹೊಸ್ತಿಲಲ್ಲೂ ಕಾಲುದಾರಿಯಲ್ಲೂ ಬಾಳೆ, ತೆಂಗಿನ ಗರಿಯ ತಟ್ಟೆಯಲ್ಲಿ ಹೂವಿಟ್ಟ ನೈವೇದ್ಯಗಳಿರುತ್ತವೆ. ದಾಟಿ ಹೋಗಿ, ತುಳಿಯಬೇಡಿ.

ಕೆಲವನ್ನು ಕೊಳ್ಳಲೇಬಾರದು. ಆಮೆಯ ಚಿಪ್ಪಿನ ಬಾಚಣಿಗೆ, ಬಳೆ, ಹವಳದ ತುಂಡು, ದಂತ ಯಾವುದಕ್ಕೂ ಕೈ ಹಾಕಬೇಡಿ. ಪುರಾತನ ವಸ್ತು ಎಂದು ಆಸೆ ತೋರಿಸಿದರೂ ಹಾಗೆಯೇ. ಐವತ್ತು ವರ್ಷ ದಾಟಿದ ಪಾರಂಪರಿಕ ವಸ್ತುವನ್ನು ಅನುಮತಿ ಇಲ್ಲದೆ ಹೊರದೇಶಕ್ಕೆ ಒಯ್ಯುವುದು ಇಂಡೋನೇಷ್ಯಾದ 2010ರ ಕಾನೂನಿನ ಪ್ರಕಾರ ಅಪರಾಧ.

ರೆಸಾರ್ಟಿನಲ್ಲಿ ತಂಗದೆಯೂ ಅದರ ಸುಖ ಸಿಗುತ್ತದೆ. ಹಲವು ರೆಸಾರ್ಟುಗಳು ಹೊರಗಿನವರಿಗೆ ದಿನದ ಪಾಸ್ ಕೊಡುತ್ತವೆ, ಈಜುಕೊಳ, ಟವೆಲ್, ಸ್ನಾನದ ಕೋಣೆ ಎಲ್ಲ ಸೇರಿ. ಕೊಟ್ಟ ಹಣದಲ್ಲಿ ಒಂದು ಭಾಗವನ್ನು ಊಟಕ್ಕೆ ಬಳಸಲು ಬಿಡುತ್ತಾರೋ ಎಂದು ಕೇಳಿ. ಬಿಟ್ಟರೆ ಅದು ಲಾಭದ ಪಾಸ್, ಬಿಡದಿದ್ದರೆ ಸಾನೂರ್ ದಂಡೆಯ ಬಾಡಿಗೆ ಕುರ್ಚಿಯೇ ಮೇಲು. ಬಾಲಿಯ ದಂಡೆ ಸಾರ್ವಜನಿಕರದು, ರೆಸಾರ್ಟಿನ ಮುಂದಿನ ಮರಳಿನ ಮೇಲೆ ನಡೆಯಲು ಯಾರ ಅಪ್ಪಣೆಯೂ ಬೇಡ. ಅಂದ ಹಾಗೆ, 2024ರ ಫೆಬ್ರವರಿ 14ರಿಂದ ಪ್ರತಿ ವಿದೇಶಿ ಪ್ರವಾಸಿಯೂ 150,000 ರುಪಿಯಾ ತೆರಿಗೆ ಕಟ್ಟಬೇಕು. ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿ ರಸೀದಿಯನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಯಾವ ತಿಂಗಳು, ಯಾವ ದಿನ

ಡಿಸೆಂಬರಿನಿಂದ ಮಾರ್ಚ್‌ವರೆಗೆ ಪಶ್ಚಿಮದ ಗಾಳಿ ಕಸವನ್ನೆಲ್ಲ ಕುಟಾ, ಸೆಮಿನ್ಯಾಕ್ ದಂಡೆಗೆ ತಂದು ಸುರಿಯುತ್ತದೆ. ಆ ತಿಂಗಳುಗಳಲ್ಲಿ ಪೂರ್ವದ ದಂಡೆಯೇ ಸರಿ. ಜೂನ್‌ನಿಂದ ಆಗಸ್ಟ್‌ವರೆಗೆ ಆಗ್ನೇಯದ ಗಾಳಿ ಬೀಸುವಾಗ ಪೂರ್ವದಲ್ಲಿ ಕಡಲಕಳೆ ಬರುತ್ತದೆ, ಗಾಳಿಯೂ ಜೋರು. ಆದರೂ ಮಲಗಲು ತೊಂದರೆಯಿಲ್ಲ, ಹವೆ ತಂಪಾಗಿರುತ್ತದೆ.

210 ದಿನಕ್ಕೊಮ್ಮೆ ಬರುವ ಗಲುಂಗಾನ್ ಹಬ್ಬದಲ್ಲಿ ಕುಶಲಕರ್ಮಿಗಳೆಲ್ಲ ಮನೆಯ ಪೂಜೆಯಲ್ಲಿರುತ್ತಾರೆ. ಬೀದಿಯ ಎರಡೂ ಬದಿಗೆ ಬಾಗಿದ ಬಿದಿರಿನ ತೋರಣಗಳು ಕಣ್ಣಿಗೆ ಹಬ್ಬ, ಖರೀದಿಗೆ ಮಾತ್ರ ಬಿಡುವು. ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುವ ನ್ಯೆಪಿಯಂದು, ಅಂದರೆ ಬಾಲಿಯವರು ಮೌನದಲ್ಲಿ ಕಳೆಯುವ ಹೊಸವರ್ಷದ ದಿನ, ವಿಮಾನ ನಿಲ್ದಾಣವೂ ಇಪ್ಪತ್ತನಾಲ್ಕು ಗಂಟೆ ಮುಚ್ಚಿರುತ್ತದೆ, ಪ್ರವಾಸಿಗಳೂ ಹೋಟೆಲಿನಿಂದ ಹೊರಗೆ ಬರುವಂತಿಲ್ಲ. ಆ ದಿನ ಸಮುದ್ರದ ದಡಕ್ಕೂ ಹೋಗಲು ಬಿಡುವುದಿಲ್ಲ. ಟಿಕೆಟ್ ಕಾದಿರಿಸುವ ಮೊದಲೇ ಈ ಎರಡು ದಿನಾಂಕಗಳನ್ನು ನೋಡಿಕೊಳ್ಳಿ.

ಉಳಿದಿರುವ ಒಂದು ದಿನ ಊರಿಗೆ ಮರಳುವ ದಿನವೇ ಆಗಿದ್ದು, ವಿಮಾನ ರಾತ್ರಿ ಇದ್ದರೆ, ಸಾನೂರ್ ಜೋಡಿಯನ್ನೇ ಹಿಡಿದು ಚಿಕ್ಕ ಬದಲಾವಣೆ ಮಾಡಿ. ಬೆಳಿಗ್ಗೆ ಚೆಲುಕ್ ಒಂದೇ ಸಾಕು. ಮಧ್ಯಾಹ್ನ ಸಾನೂರ್‌ನ ರೆಸಾರ್ಟಿನಲ್ಲಿ ದಿನದ ಪಾಸ್ ಪಡೆದು, ಅಲ್ಲೇ ಸ್ನಾನ ಮುಗಿಸಿ, ನಾಲ್ಕಕ್ಕೆ ಹೊರಟು ಜಿಂಬರಾನ್‌ಗೆ ಹೋಗಿ. ಮೀನುಗಾರರ ಆ ಕೊಲ್ಲಿ ಪಶ್ಚಿಮಕ್ಕೆ ತೆರೆದಿದೆ, ವಿಮಾನ ನಿಲ್ದಾಣಕ್ಕೆ ತಾಗಿದಂತೆಯೇ ಇದೆ. ಮರಳಿನ ಮೇಲೆ ಮೇಜು ಹಾಕಿ, ತೂಕ ಮಾಡಿದ ಮೀನನ್ನು ತೆಂಗಿನ ಸಿಪ್ಪೆಯ ಕೆಂಡದ ಮೇಲೆ ಸುಟ್ಟು ಕೊಡುತ್ತಾರೆ. ಮೀನು ತಿನ್ನದವರಿಗೆ ಅನ್ನ, ತರಕಾರಿ, ಸುಟ್ಟ ಜೋಳ ಸಿಗುತ್ತದೆ. ತೂಕ ಮತ್ತು ದರ ಎರಡನ್ನೂ ಒಲೆಗೆ ಹಾಕುವ ಮೊದಲೇ ಮಾತಾಡಿಕೊಳ್ಳಿ. ಬೆಳ್ಳಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ, ಮರದ ವಿಗ್ರಹವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ನಡುವೆ ಇಡಿ, ಏಳೂವರೆಗೆ ಅಲ್ಲಿಂದ ಎದ್ದರೂ ಹತ್ತೂವರೆಯ ವಿಮಾನಕ್ಕೆ ಸಾಕಷ್ಟು ಸಮಯವಿರುತ್ತದೆ.